ಕಾಡಂಚಿನ ಬೇಲಿಗೆ ಯಾರ ದುಡ್ಡು?

ದೇಶಕ್ಕೆ ಗಡಿ ಇದೆ. ಗಡಿಯಲ್ಲಿ ಬೇಲಿ ಇದೆ. ಯೋಧರು ಅದನ್ನು ಕಾಯುತ್ತಾರೆ. ಇದಕ್ಕೆ ಸರ್ಕಾರ ಹಣ ಖರ್ಚು ಮಾಡುತ್ತದೆ.

ನಮ್ಮ ಮೈಸೂರು ಜಿಲ್ಲೆಯಲ್ಲೂ ಒಂದು ಗಡಿ ಇದೆ. ಅದು ಕಾಡಿನ ಗಡಿ. ಹುಣಸೂರು, ಎಚ್.ಡಿ. ಕೋಟೆ ತಾಲ್ಲೂಕುಗಳ ಕಡೆ ನಾಗರಹೊಳೆ, ಬಂಡೀಪುರ ಕಾಡುಗಳಿವೆ. ರಾಗಿ, ಬಾಳೆ ತಿನ್ನಲು ಆನೆಗಳು ಹೊಲಕ್ಕೆ ಬರುತ್ತವೆ. ವರ್ಷದ ದುಡಿಮೆ ಒಂದೇ ರಾತ್ರಿಯಲ್ಲಿ ಹಾಳಾಗುತ್ತದೆ. ಕೆಲವು ಸಲ ಜೀವವೂ ಹೋಗುತ್ತದೆ.

"ನಾವು ಪೇಟೆಯವರು, ನಮಗೇನು?" ಅನ್ನೋ ಹಾಗಿಲ್ಲ. 2011ರ ಜೂನ್ 8ರಂದು ಎರಡು ಕಾಡಾನೆಗಳು ಮೈಸೂರು ನಗರಕ್ಕೇ ಬಂದವು. ಒಬ್ಬರು ಸತ್ತರು.

ಆನೆ ತಡೆಯಲು ಮೂರು ದಾರಿ

1. ಕಂದಕ: ಕಾಡಿನ ಅಂಚಿನಲ್ಲಿ ಆಳವಾದ ಹಳ್ಳ ತೋಡುತ್ತಾರೆ. ಮಳೆಗೆ ಮಣ್ಣು ಕುಸಿದರೆ ಅದು ತುಂಬಿಕೊಳ್ಳುತ್ತದೆ.

2. ಸೋಲಾರ್ ಬೇಲಿ: ತಂತಿ ಮುಟ್ಟಿದರೆ ಆನೆಗೆ ಶಾಕ್ ಹೊಡೆಯುತ್ತದೆ, ಆದರೆ ಆನೆ ಸಾಯುವುದಿಲ್ಲ. ಗಿಡ, ಬಳ್ಳಿ ತಾಗಿದರೆ ಬೇಲಿಯ ಶಕ್ತಿ ಕುಗ್ಗುತ್ತದೆ. ಕರೆಂಟ್ ಲೈನಿನಿಂದ ನೇರವಾಗಿ ಬೇಲಿಗೆ ವಿದ್ಯುತ್ ಕೊಡಬಾರದು. ಅದು ಅಪರಾಧ. ಆನೆಯೂ ಸಾಯುತ್ತದೆ, ಮನುಷ್ಯರೂ ಸಾಯುತ್ತಾರೆ.

3. ರೈಲು ಹಳಿ ಬೇಲಿ: ಹಳೆಯ ರೈಲು ಹಳಿಗಳನ್ನು ನೆಟ್ಟು ಕಟ್ಟುತ್ತಾರೆ. ಇದು ಗಟ್ಟಿ. ಆದರೆ ದುಬಾರಿ.

ಲೆಕ್ಕ ಮಾಡೋಣ

ಹಳಿ ಬೇಲಿಗೆ ಒಂದು ಕಿಲೋಮೀಟರಿಗೆ 1 ಕೋಟಿ ರೂಪಾಯಿಗೂ ಹೆಚ್ಚು ಬೇಕು. ಅಂದರೆ ಒಂದು ಮೀಟರಿಗೆ 10,000 ರೂಪಾಯಿಗೂ ಹೆಚ್ಚು. ನಮ್ಮ ಸೀರೆಯ ಉದ್ದ ಐದೂವರೆ ಮೀಟರ್. ಒಂದು ಸೀರೆಯಷ್ಟು ಉದ್ದದ ಬೇಲಿಗೆ 55,000 ರೂಪಾಯಿಗೂ ಹೆಚ್ಚು!

ಈ ಹಣ ಯಾರದು? ನಮ್ಮದೇ. ಸೋಪು, ಬೆಂಕಿಪೊಟ್ಟಣ ಕೊಂಡಾಗಲೂ ನಾವು ತೆರಿಗೆ ಕೊಡುತ್ತೇವೆ.

ಎರಡು ಮಾತು

ಒಬ್ಬರು ಹೇಳುತ್ತಾರೆ: "ಬೇಲಿ ಹಾಕ್ಲೇಬೇಕು. ಜೀವಕ್ಕಿಂತ ದುಡ್ಡು ದೊಡ್ಡದಾ?"

ಇನ್ನೊಬ್ಬರು ಹೇಳುತ್ತಾರೆ: "ಹಾಕಿದ್ರೆ ಸಾಕಾ? ಆಮೇಲೆ ನೋಡ್ಕೊಳ್ಳೋರು ಯಾರು? ಆನೆ ಎಲ್ಲಿಗೆ ಹೋಗ್ಬೇಕು?"

ಎರಡೂ ನಿಜವಾದ ಮಾತೇ. 2018ರ ಡಿಸೆಂಬರಿನಲ್ಲಿ ನಾಗರಹೊಳೆಯ ವೀರನಹೊಸಹಳ್ಳಿ ಬಳಿ ಒಂದು ಆನೆ ಹಳಿ ಬೇಲಿ ದಾಟಲು ಹೋಗಿ, ಸಿಕ್ಕಿಕೊಂಡು ಸತ್ತಿತು.

ಬೇಲಿ ಬೇಕು. ಆದರೆ ಮನೆ ಕಟ್ಟಿದರೆ ಸಾಲದು, ಸೂರು ಸೋರದ ಹಾಗೆ ನೋಡಿಕೊಳ್ಳಬೇಕು. ಬೇಲಿಯೂ ಹಾಗೇ. ಒಂದು ಕಡೆ ಸಂದು ಬಿಟ್ಟರೆ ಆನೆ ಅಲ್ಲೇ ನುಗ್ಗುತ್ತದೆ. ಆಗ ಹಾಕಿದ ಹಣವೆಲ್ಲ ನೀರಿನಲ್ಲಿ ಹೋಮ.

ಆದ್ದರಿಂದ ನಾವು ಕೇಳಬೇಕು. ಎಷ್ಟು ಹಣ ಬಂತು? ಎಷ್ಟು ದೂರ ಬೇಲಿ ಆಯಿತು? ರಿಪೇರಿಗೆ ಹಣ ಇದೆಯೇ? ಆನೆ ಓಡಾಡುವ ದಾರಿ ಬಿಟ್ಟಿದ್ದಾರೆಯೇ? ಹಳ್ಳಿಯವರು ಗ್ರಾಮಸಭೆಯಲ್ಲಿ ಕೇಳಬಹುದು. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಯಾರು ಬೇಕಾದರೂ ಕೇಳಬಹುದು. ಅರ್ಜಿ ಬರೆದು 10 ರೂಪಾಯಿ ಶುಲ್ಕ ಕಟ್ಟಬೇಕು. 30 ದಿನದೊಳಗೆ ಉತ್ತರ ಕೊಡಬೇಕು. ಅರ್ಜಿ ಬರೆಯುವಷ್ಟು ಅಕ್ಷರ ಈಗ ನಮಗೆ ಬರುತ್ತದಲ್ಲ!

ಓದಿ, ಬರೆಯಿರಿ: ಗಡಿ, ಬೇಲಿ, ಕಂದಕ, ತೆರಿಗೆ, ಅರ್ಜಿ, ಹಕ್ಕು.

ಲೆಕ್ಕ: ಒಂದು ಮೀಟರಿಗೆ 10,000 ರೂಪಾಯಿ ಆದರೆ 20 ಮೀಟರಿಗೆ ಎಷ್ಟು?

ಮಾತಾಡೋಣ: ಬೇಲಿಗೆ ಹಣ ಕೊಡುವ ಮೊದಲು ಸರ್ಕಾರ ಯಾರನ್ನು ಕೇಳಬೇಕು? ಏಕೆ?