ಅಲ್ಝೈಮರ್ ಕಾಯಿಲೆ: ಕೊಲಿನೆಸ್ಟರೇಸ್ ಪ್ರತಿಬಂಧಕ ಔಷಧಗಳ ಕುರಿತು ತಿಳಿವಳಿಕೆ

(ಆಶಾ ಕಾರ್ಯಕರ್ತೆಯರು ಹಾಗೂ ಸಮುದಾಯ ಆರೋಗ್ಯ ಅಧಿಕಾರಿಗಳ ಅಧ್ಯಯನಕ್ಕಾಗಿ)

ಹಿರಿಯರ ಮರೆವನ್ನು "ಅರವತ್ತಕ್ಕೆ ಅರಳು ಮರಳು" ಎಂದು ಕುಟುಂಬದವರು ಕಡೆಗಣಿಸುವುದುಂಟು. ಆದರೆ ಆಗಷ್ಟೇ ಉಂಡದ್ದನ್ನು ಮರೆಯುವುದು, ಪರಿಚಿತ ಓಣಿಯಲ್ಲಿಯೇ ದಾರಿ ತಪ್ಪುವುದು ವಯೋಸಹಜವಲ್ಲ. ಇವು ವೈದ್ಯಕೀಯ ತಪಾಸಣೆಗೆ ಅರ್ಹವಾದ ಲಕ್ಷಣಗಳು. ಇಂತಹ ಮರೆವಿಗೆ ಮುಖ್ಯ ಕಾರಣವಾದ ಕಾಯಿಲೆಯನ್ನು ಜರ್ಮನಿಯ ವೈದ್ಯ ಅಲೋಯ್ಸ್ ಅಲ್ಝೈಮರ್ 1906ರಲ್ಲಿ ಮೊದಲು ವಿವರಿಸಿದರು.

1. ಔಷಧದ ಕಾರ್ಯವಿಧಾನ
ನೆನಪು ಮತ್ತು ಕಲಿಕೆಗೆ ಅಗತ್ಯವಾದ ಅಸಿಟೈಲ್‌ಕೊಲೀನ್ ಎಂಬ ರಾಸಾಯನಿಕವು ಈ ಕಾಯಿಲೆಯಲ್ಲಿ ಮಿದುಳಿನಲ್ಲಿ ಕಡಿಮೆಯಾಗುತ್ತದೆ. ಅದನ್ನು ವಿಘಟಿಸುವ ಕಿಣ್ವವೇ ಕೊಲಿನೆಸ್ಟರೇಸ್. ಕಿಣ್ವವನ್ನು ತಡೆದರೆ ಉಳಿದಿರುವ ಅಸಿಟೈಲ್‌ಕೊಲೀನ್ ಹೆಚ್ಚು ಹೊತ್ತು ಕೆಲಸ ಮಾಡುತ್ತದೆ. ಡೊನೆಪೆಜಿಲ್, ರಿವಾಸ್ಟಿಗ್ಮಿನ್ ಮತ್ತು ಗ್ಯಾಲಂಟಮಿನ್ ಈ ವರ್ಗದ ಔಷಧಗಳು. 1993ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ ಮೊದಲ ಔಷಧ ಟ್ಯಾಕ್ರಿನ್, ಯಕೃತ್ತಿಗೆ ಹಾನಿ ಮಾಡುತ್ತಿದ್ದುದರಿಂದ ಬಳಕೆಯಿಂದ ಹೊರಬಿದ್ದಿತು.

2. ನಿರೀಕ್ಷೆಯ ಮಿತಿ
ಈ ಔಷಧಗಳು ಕಾಯಿಲೆಯನ್ನು ಗುಣಪಡಿಸುವುದಿಲ್ಲ. ನರಕೋಶಗಳ ನಾಶವನ್ನೂ ನಿಲ್ಲಿಸುವುದಿಲ್ಲ. ಕೆಲವರಲ್ಲಿ ನೆನಪು ಮತ್ತು ದೈನಂದಿನ ಕೆಲಸದ ಸಾಮರ್ಥ್ಯವು ಕೆಲಕಾಲ ಅಲ್ಪಮಟ್ಟಿಗೆ ಉಳಿಯುತ್ತದೆ; ಕೆಲವರಲ್ಲಿ ಪ್ರಯೋಜನ ಕಾಣದು. ಸುಳ್ಳು ಭರವಸೆ ನೀಡದೆ ಇದನ್ನು ಕುಟುಂಬಕ್ಕೆ ಮೊದಲೇ ತಿಳಿಸತಕ್ಕದ್ದು.

3. ಸೇವನೆಯ ಕ್ರಮ
ವೈದ್ಯರು ಡೊನೆಪೆಜಿಲ್ ಅನ್ನು ಸಾಮಾನ್ಯವಾಗಿ ದಿನಕ್ಕೆ 5 ಮಿ.ಗ್ರಾಂ.ನಿಂದ ಆರಂಭಿಸಿ, 4ರಿಂದ 6 ವಾರಗಳ ನಂತರ ಅಗತ್ಯವಿದ್ದರೆ 10 ಮಿ.ಗ್ರಾಂ.ಗೆ ಏರಿಸುತ್ತಾರೆ. ರಿವಾಸ್ಟಿಗ್ಮಿನ್ ಮಾತ್ರೆಯನ್ನು ಊಟದೊಂದಿಗೆ ಕೊಡಬೇಕು. ಅದರ ಚರ್ಮದ ಪಟ್ಟಿಯನ್ನು ಬಳಸುವವರಲ್ಲಿ ಹಳೆಯ ಪಟ್ಟಿಯನ್ನು ತೆಗೆದ ನಂತರವೇ ಹೊಸದನ್ನು ಅಂಟಿಸಬೇಕು; ಎರಡು ಪಟ್ಟಿಗಳು ಒಟ್ಟಿಗೆ ಉಳಿದರೆ ಔಷಧ ಮಿತಿಮೀರುತ್ತದೆ. ರಿವಾಸ್ಟಿಗ್ಮಿನ್ ಹಲವು ದಿನ ತಪ್ಪಿದ್ದಲ್ಲಿ, ವೈದ್ಯರನ್ನು ಕೇಳದೆ ಹಳೆಯ ಪ್ರಮಾಣದಲ್ಲಿ ಮತ್ತೆ ಆರಂಭಿಸಬಾರದು.

4. ಗಮನಿಸಬೇಕಾದ ಅಡ್ಡಪರಿಣಾಮಗಳು
ವಾಕರಿಕೆ, ವಾಂತಿ, ಭೇದಿ, ಹಸಿವು ಕುಗ್ಗುವುದು ಸಾಮಾನ್ಯ. ಪ್ರತಿ ಭೇಟಿಯಲ್ಲಿ ತೂಕ ಮತ್ತು ನಾಡಿಯನ್ನು ನೋಡತಕ್ಕದ್ದು. ನಾಡಿ ನಿಮಿಷಕ್ಕೆ 50ಕ್ಕಿಂತ ಕಡಿಮೆ ಇದ್ದರೆ, ಅಥವಾ ಮೂರ್ಛೆ ಬಂದರೆ ಕೂಡಲೇ ವೈದ್ಯರಲ್ಲಿಗೆ ಕಳುಹಿಸಬೇಕು. ಆಸ್ತಮಾ, ಜಠರದ ಹುಣ್ಣು, ಹೃದಯ ಬಡಿತದ ತೊಂದರೆ ಇರುವುದನ್ನು ವೈದ್ಯರ ಗಮನಕ್ಕೆ ತರಬೇಕು. ನೆಗಡಿಗೆ ಅಂಗಡಿಯಲ್ಲಿ ಕೊಳ್ಳುವ ಕೆಲವು ನಿದ್ರೆ ತರುವ ಮಾತ್ರೆಗಳು ಅಸಿಟೈಲ್‌ಕೊಲೀನ್‌ಗೆ ವಿರುದ್ಧವಾಗಿ ವರ್ತಿಸಿ ಮರೆವನ್ನು ಹೆಚ್ಚಿಸುತ್ತವೆ. ಮನೆಯಲ್ಲಿರುವ ಎಲ್ಲ ಔಷಧಗಳನ್ನೂ ವೈದ್ಯರಿಗೆ ತೋರಿಸುವುದು ಅವಶ್ಯ.

5. ಕೃಷಿ ಕುಟುಂಬಗಳಿಗೆ ವಿಶೇಷ ಎಚ್ಚರಿಕೆ
ಕ್ಲೋರ್‌ಪೈರಿಫಾಸ್‌ನಂತಹ ಆರ್ಗನೋಫಾಸ್ಫರಸ್ ಕೀಟನಾಶಕಗಳೂ ಇದೇ ಕಿಣ್ವವನ್ನು, ಇನ್ನೂ ಬಿಗಿಯಾಗಿ, ತಡೆಯುತ್ತವೆ. ಆದ್ದರಿಂದ ಈ ಔಷಧ ಸೇವಿಸುವ ಹಿರಿಯರನ್ನು ಸಿಂಪಡಣೆಯ ಹೊಲದಿಂದ ದೂರವಿರಿಸಬೇಕು. ನುಂಗಿದ್ದನ್ನು ಮರೆತು ರೋಗಿಯು ಮತ್ತೆ ಮತ್ತೆ ಮಾತ್ರೆ ನುಂಗಿದರೂ ವಿಷಬಾಧೆಯ ಲಕ್ಷಣಗಳೇ ಕಾಣುತ್ತವೆ: ಜೊಲ್ಲು, ಅತಿಯಾದ ಬೆವರು, ವಾಂತಿ, ನಿಧಾನವಾದ ನಾಡಿ. ಆಗ ತಡಮಾಡದೆ 108 ಆಂಬುಲೆನ್ಸ್ ಕರೆದು, ಮಾತ್ರೆಯ ಹಾಳೆಯೊಂದಿಗೆ ಆಸ್ಪತ್ರೆಗೆ ಸಾಗಿಸಬೇಕು. ಮಾತ್ರೆಗಳು ಸದಾ ಆರೈಕೆದಾರರ ವಶದಲ್ಲಿಯೇ ಇರಬೇಕು.

ಔಷಧವು ಆರೈಕೆಗೆ ಪೂರಕವೇ ಹೊರತು ಪರ್ಯಾಯವಲ್ಲ. ನಿಯಮಿತ ದಿನಚರಿ, ನಡಿಗೆ, ಮಾತುಕತೆಗಳಿಗೂ ಅಷ್ಟೇ ಮಹತ್ವವಿದೆ. ದಣಿದ ಆರೈಕೆದಾರರು ಮಾನಸಿಕ ಬೆಂಬಲಕ್ಕಾಗಿ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದೆಂಬುದನ್ನು ಮನೆ ಭೇಟಿಯಲ್ಲಿ ತಪ್ಪದೆ ತಿಳಿಸತಕ್ಕದ್ದು.