ಬೀಳ್ಕೊಡುಗೆಯ ವ್ಯಾಕರಣ: 'ಹೋಗಿ ಬರುತ್ತೇನೆ' ಮತ್ತು 'ಯೇತೋ'

ಬೇಸಿಗೆಯ ರಜೆಯಲ್ಲಿ ಉಮರಗಾ, ನಿಲಂಗಾ, ಉದಗೀರ ಭಾಗದ ಕಾಲೇಜು ವಿದ್ಯಾರ್ಥಿಗಳು ಮನೆಯಿಂದ ದೂರದ ಶಿಬಿರಗಳಿಗೂ ತರಬೇತಿ ವರ್ಗಗಳಿಗೂ ತೆರಳುವುದುಂಟು. ಕೆಲವು ವಾರ ಒಂದೇ ಪಂಕ್ತಿಯಲ್ಲಿ ಉಂಡು, ಒಂದೇ ಕೋಣೆಯಲ್ಲಿ ಮಲಗಿದವರು ಕೊನೆಯ ದಿನ ಬಸ್ ನಿಲ್ದಾಣದಲ್ಲಿ ಎದುರುಬದುರು ನಿಂತಾಗ ಮಾತು ಕಟ್ಟುತ್ತದೆ. ಸಮಾರೋಪಕ್ಕೆಂದು ಬರೆದ ಭಾಷಣ ಅಲ್ಲಿ ನೆರವಾಗುವುದಿಲ್ಲ. ಮನೆಯಲ್ಲಿ ಕಲಿತ ಒಂದೆರಡು ಪದಗಳೇ ನೆರವಾಗುತ್ತವೆ. ಆ ಪದಗಳ ವಿಚಾರವೇ ಈ ಪಾಠದ ವಸ್ತು.

ಹೊರಡುವ ಕನ್ನಡಿಗನು 'ಹೋಗುತ್ತೇನೆ' ಎಂದರೆ ಹಿರಿಯರು ತಡೆಯುತ್ತಾರೆ. 'ಹೋಗಿ ಬರುತ್ತೇನೆ ಅನ್ನು' ಎಂದು ತಿದ್ದುತ್ತಾರೆ. ಈ ವಾಕ್ಯದಲ್ಲಿ 'ಹೋಗಿ' ಎಂಬುದು ಅಪೂರ್ಣ ಕ್ರಿಯೆ. 'ಬರುತ್ತೇನೆ' ಎಂಬುದೇ ಪೂರ್ಣ ಕ್ರಿಯೆ. ಹೋಗುವುದು ಇನ್ನೂ ನಡೆಯದಿದ್ದರೂ ಮಾತು ಅದನ್ನು ಆಗಿಹೋದ ಸಂಗತಿಯಂತೆ ಹಿಂದಿರಿಸಿ, ಮರಳುವುದನ್ನು ವಾಕ್ಯದ ಕೊನೆಗೆ ನಿಲ್ಲಿಸುತ್ತದೆ. ಮರಾಠಿಯ 'ಜಾಊನ ಯೇತೋ' ಎಂಬುದರ ರಚನೆಯೂ ಇದೇ. ಅಲ್ಲಿಯೂ 'ಜಾತೋ' ಎನ್ನುವುದು ಅಶುಭ. ಬರಿಯ 'ಯೇತೋ' ಎಂದರೆ ಸಾಕು. ವ್ಯತ್ಯಾಸ ಒಂದೇ: ಶಿಷ್ಟ ಮರಾಠಿಯಲ್ಲಿ ಹುಡುಗ 'ಯೇತೋ' ಎಂದರೆ ಹುಡುಗಿ 'ಯೇತೇ' ಎನ್ನುತ್ತಾಳೆ, ಕನ್ನಡದ ಉತ್ತಮ ಪುರುಷದಲ್ಲಿ ಲಿಂಗಭೇದವಿಲ್ಲ, ಇಬ್ಬರೂ 'ಬರುತ್ತೇನೆ' ಎನ್ನುತ್ತಾರೆ.

ಎರಡನೆಯದು 'ಬೀಳ್ಕೊಡು' ಮತ್ತು 'ಬೀಳ್ಕೊಳ್ಳು' ಎಂಬ ಹಳೆಯ ಜೋಡಿ. ಹೊರಡುವವನು ಬೀಳ್ಕೊಳ್ಳುತ್ತಾನೆ, ಉಳಿಯುವವನು ಬೀಳ್ಕೊಡುತ್ತಾನೆ. ವಿದ್ಯಾರ್ಥಿಗಳ ಬರವಣಿಗೆಯಲ್ಲಿ ಇವೆರಡೂ ಆಗಾಗ ಅದಲುಬದಲಾಗುತ್ತವೆ. ಒಂದು ಕೊಡುವ ಕ್ರಿಯೆ, ಇನ್ನೊಂದು ಪಡೆಯುವ ಕ್ರಿಯೆ ಎಂಬುದನ್ನು ನೆನಪಿಟ್ಟರೆ ತಪ್ಪಾಗದು. ಅಗಲಿಕೆ ಒಬ್ಬನೇ ಮಾಡುವ ಕೆಲಸವಲ್ಲ ಎಂಬುದನ್ನೂ ಈ ಜೋಡಿ ತಿಳಿಸುತ್ತದೆ.

ಏನನ್ನು ಕೊಡುವುದು, ಏನನ್ನು ಪಡೆಯುವುದು? ಅನುಮತಿಯನ್ನು. 'ಅಪ್ಪಣೆ ಪಡೆದು ಹೊರಟನು' ಎನ್ನುವಲ್ಲಿ ಅದು ಸ್ಪಷ್ಟ. ಮರಾಠಿಯ 'ನಿರೋಪ' ಎಂಬುದಕ್ಕೆ ಸಂದೇಶವೆಂಬ ಅರ್ಥವೂ ಹೊರಡಲು ಪಡೆಯುವ ಅನುಮತಿಯೆಂಬ ಅರ್ಥವೂ ಇವೆ. ಕನ್ನಡದ 'ನಿರೂಪ' ಆಜ್ಞೆಯನ್ನು ಹೇಳುತ್ತದೆ. 'ರಜೆ' ಎಂಬುದು ಅರಬ್ಬಿಯಲ್ಲಿ ಒಪ್ಪಿಗೆಯನ್ನು ಸೂಚಿಸುವ ಪದದಿಂದ ಬಂದಿದೆ. ಮರಾಠಿಗರು ಇಂದಿಗೂ 'ರಜಾ ಘೇತೋ' ಎಂದು ಎದ್ದು ನಿಲ್ಲುತ್ತಾರೆ. ಕನ್ನಡದಲ್ಲಿ ಅದು ಶಾಲೆಯ ಬಿಡುವಾಗಿ ಉಳಿದಿದೆ.

ಗಡಿಯ ಜನಕ್ಕೆ ಅಗಲಿಕೆ ಹೊಸತಲ್ಲ. ನಿಲಂಗಾ ಮತ್ತು ಉದಗೀರ ತಾಲೂಕುಗಳು ಬೀದರ ಜಿಲ್ಲೆಯಲ್ಲಿದ್ದವು. 1956ರ ನವೆಂಬರ್ 1ರಂದು ರಾಜ್ಯ ಪುನರ್ವಿಂಗಡಣೆಯಾದಾಗ ಅವು ಉಸ್ಮಾನಾಬಾದ ಜಿಲ್ಲೆಗೆ ಸೇರಿದವು. 1982ರಲ್ಲಿ ಹೊಸ ಲಾತೂರ ಜಿಲ್ಲೆಯ ಭಾಗವಾದವು. ಆಡಳಿತದ ನಕ್ಷೆ ಬೀದರನ್ನು ಬೀಳ್ಕೊಂಡಿತು; ನಂಟಸ್ತಿಕೆ, ಸಂತೆ, ಜಾತ್ರೆಗಳು ಬೀಳ್ಕೊಳ್ಳಲಿಲ್ಲ. ಹೋಗಿಬರುವ ದಾರಿ ಇರುವವರೆಗೆ ಮಾತೂ ಉಳಿಯುತ್ತದೆ.

ಶಿಬಿರ ಮುಗಿಸಿದ ವಿದ್ಯಾರ್ಥಿಗೂ ಇದೇ ಮಾತು ಸಲ್ಲುತ್ತದೆ. ಮರಾಠಿಯಲ್ಲಿ ಓದಿ, ಮನೆಯಲ್ಲಿ ಮಾತ್ರ ಕನ್ನಡವಾಡುವ ಹುಡುಗನಿಗೆ ಶಿಬಿರದ ಗೆಳೆಯರೇ ಮನೆಯ ಹೊರಗೆ ದೊರೆತ ಮೊದಲ ಕನ್ನಡದ ಕಿವಿಗಳಾಗಿರಬಹುದು. ಅವರನ್ನು ಅಗಲುವಾಗ ಅವನು ಗೆಳೆತನದಂತೆ ಭಾಷೆಯ ಒಂದು ಬಳಕೆಯನ್ನೂ ಕಳೆದುಕೊಳ್ಳಬಹುದು. 'ವಿದಾಯ' ಎಂದು ಬರೆದರೆ ಮಾತು ಅಲ್ಲಿಗೇ ಮುಗಿಯುತ್ತದೆ. 'ಬರುತ್ತೇನೆ' ಎಂದವನ ಮೇಲೆ ಒಂದು ಹೊಣೆಯಿದೆ: ಒಂದು ಕಾಗದ, ಒಂದು ಕರೆ, ಮುಂದಿನ ಜಾತ್ರೆಗೆ ಒಂದು ಆಮಂತ್ರಣ. ಕ್ರಿಯಾಪದವನ್ನು ಪೂರ್ಣಗೊಳಿಸುವುದು ವ್ಯಾಕರಣವಲ್ಲ, ಆಡಿದವನು.

ಅಭ್ಯಾಸ
1. 'ಬೀಳ್ಕೊಡು', 'ಬೀಳ್ಕೊಳ್ಳು' ಪದಗಳನ್ನು ಸ್ವಂತ ವಾಕ್ಯಗಳಲ್ಲಿ ಬಳಸಿರಿ.
2. ಮನೆಯ ಹಿರಿಯರು ಅತಿಥಿಗಳನ್ನು ಕಳುಹಿಸುವಾಗ ಆಡುವ ಕನ್ನಡ ಹಾಗೂ ಮರಾಠಿ ಮಾತುಗಳನ್ನು ಸಂಗ್ರಹಿಸಿರಿ.
3. ಶಿಬಿರದ ಗೆಳೆಯನೊಬ್ಬನಿಗೆ ಕನ್ನಡದಲ್ಲಿ ಪತ್ರ ಬರೆಯಿರಿ. ಬರೆದು ಅಂಚೆಗೆ ಹಾಕಿರಿ.