ಮಂಗಳವಾರ ಮಧ್ಯಾಹ್ನ ಯಾರು ಬರುತ್ತಾರೆ?

ಬೆಂಗಳೂರಿನ ಬಿ ಡಿವಿಷನ್ ಫುಟ್‌ಬಾಲ್ ಲೀಗ್‌ನಲ್ಲಿ ಈ ಸಲ ಯಾರು ಮೇಲೆ ಹೋಗುತ್ತಾರೆ, ಯಾರು ಕೆಳಗಿಳಿಯುತ್ತಾರೆ ಎಂದು ಕೋಚ್‌ಗಿಂತ ಮೊದಲು ಹೇಳಬಲ್ಲವರು ಹುಡುಗರು ಕೆಲಸ ಮಾಡುವ ಜಾಗದ ಸೂಪರ್‌ವೈಸರ್‌ಗಳು. ರಜೆ ಕೊಡುವವರು ಅವರೇ ತಾನೆ. ನಮ್ಮ ಪಂದ್ಯಗಳು ಬಹುಪಾಲು ವಾರದ ನಡುವೆ, ಬಿಸಿಲು ಇನ್ನೂ ಇಳಿಯದ ಹೊತ್ತಿಗೆ. ನಮ್ಮ ಸೆಂಟರ್ ಬ್ಯಾಕ್ ಮೊಬೈಲ್ ಅಂಗಡಿಯಲ್ಲಿ, ಗೋಲ್‌ಕೀಪರ್ ಗೋದಾಮಿನ ರಾತ್ರಿ ಪಾಳಿಯಲ್ಲಿ, ಇಬ್ಬರು ವಿಂಗರ್‌ಗಳು ಬೈಕ್ ಮೇಲೆ ಊಟ ತಲುಪಿಸುವುದರಲ್ಲಿ. ಉಳಿದವರು ಹಾಜರಾತಿ ಸಾಲದೆ ಪ್ರಿನ್ಸಿಪಾಲರ ಕೋಣೆಯ ಮುಂದೆ ನಿಲ್ಲುವ ಬಿ.ಕಾಂ. ಹುಡುಗರು. ನಾನು ಈ ತಂಡದ ಮ್ಯಾನೇಜರ್. ಹೆಸರೇನೋ ದೊಡ್ಡದು. ಕೆಲಸ ಮಾತ್ರ ನೋಂದಣಿ ಕಾಗದ, ಐಸ್ ಡಬ್ಬ, ನೀರಿನ ಕ್ಯಾನು, ಪಂದ್ಯದ ದಿನ ಬೆಳಗ್ಗೆಯೇ ಶುರುವಾಗುವ ಫೋನು: 'ಎಲ್ಲಿದ್ದೀಯಪ್ಪಾ, ಹೊರಟೆಯಾ?'

ನಾನು ಓಡಾಡಿದ ವರ್ಷಗಳಲ್ಲಿ ಈ ಲೀಗ್‌ಗೆ ಕೆಳಗಿನಿಂದ ಸಿ, ಬಿ, ಎ ಡಿವಿಷನ್‌ಗಳು, ಎಲ್ಲಕ್ಕೂ ಮೇಲೆ ಸೂಪರ್ ಡಿವಿಷನ್. ಪಟ್ಟಿಯ ತುದಿಯಲ್ಲಿ ಮುಗಿಸಿದವರು ಮೇಲಿನ ಡಿವಿಷನ್‌ಗೆ, ಬುಡದಲ್ಲಿ ಮುಗಿಸಿದವರು ಕೆಳಗಿನದಕ್ಕೆ. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಆಡುವಾಗ ಗ್ಯಾಲರಿಯಲ್ಲಿ ಕೂತಿರುತ್ತಿದ್ದವರು ಮುಂದಿನ ಪಂದ್ಯದ ಆಟಗಾರರು, ಆಸ್ಟಿನ್ ಟೌನ್ ಮತ್ತು ಮರ್ಫಿ ಟೌನ್ ಕಡೆಯ ಒಂದಷ್ಟು ನಿವೃತ್ತರು. ಈ ನಿವೃತ್ತರ ಬಾಯಿಗೆ ಬಿದ್ದರೆ ಮುಗಿಯಿತು. ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿ ರೋವರ್ಸ್ ಕಪ್ ಗೆದ್ದದ್ದು, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಮೇಲೆ ನಮ್ಮ ಸಾರಂಗಪಾಣಿ ರಾಮನ್ ಗೋಲು ಹೊಡೆದದ್ದು, ಎಲ್ಲ ನಿನ್ನೆ ನಡೆದಂತೆ ಹೇಳುತ್ತಾರೆ. ಗೌತಮಪುರದಲ್ಲಿ ಪೆಲೆಯ ಪ್ರತಿಮೆ ನಿಲ್ಲಿಸಿದ ಊರು ಇದು. ಹಾಗಾಗಿ ಬಿ ಡಿವಿಷನ್‌ನಲ್ಲಿ ಒಬ್ಬ ಹುಡುಗ ಪಾಸ್ ತಪ್ಪಿಸಿದರೂ ಆ ಮಾನದಂಡದಲ್ಲೇ, ಕನ್ನಡ, ತಮಿಳು, ದಖನಿ ಮೂರೂ ಭಾಷೆಯಲ್ಲಿ ಬೈಗುಳ ಬೀಳುತ್ತದೆ.

ಈ ನಗರದ ಫುಟ್‌ಬಾಲನ್ನು ದಶಕಗಳ ಕಾಲ ಹೊತ್ತು ನಿಂತದ್ದು ಕಾರ್ಖಾನೆ ಮತ್ತು ಇಲಾಖೆಗಳ ತಂಡಗಳು. ಎಚ್‌ಎಎಲ್, ಐಟಿಐ, ಸೇನೆಯ ಎಂಇಜಿ ಮತ್ತು ಎಎಸ್‌ಸಿ, ಅಕೌಂಟೆಂಟ್ ಜನರಲ್ ಕಚೇರಿಯವರು, ಯಲಹಂಕದ ರೈಲು ಗಾಲಿ ಕಾರ್ಖಾನೆಯವರು. ಎಚ್‌ಎಎಲ್ ಅಂತೂ ಐ-ಲೀಗ್‌ವರೆಗೆ ಹೋಗಿ, 2012ರಲ್ಲಿ ಅಲ್ಲಿಂದ ಕೆಳಗಿಳಿಯಿತು. ಇಂಥ ತಂಡಗಳ ಬಲ ಎಲ್ಲಿದೆ ಎಂದು ನನಗೆ ಅರ್ಥವಾದದ್ದು ಅವರ ಎದುರು ಆಡಲು ನಿಂತಾಗ. ಆಟದಲ್ಲಿ ನಮಗಿಂತ ಅಷ್ಟೇನೂ ಮೇಲಲ್ಲ. ಹಲವರಿಗೆ ಮೂವತ್ತು ದಾಟಿತ್ತು, ಹೊಟ್ಟೆಯೂ ಬಂದಿತ್ತು. ಆದರೆ ಕ್ರೀಡಾ ಕೋಟಾದಲ್ಲಿ ಕೆಲಸಕ್ಕೆ ಸೇರಿದವನಿಗೆ ಪಂದ್ಯದ ದಿನವೂ ಕೆಲಸದ ದಿನವೇ, ಸಂಬಳ ಕಡಿತವಿಲ್ಲ. ಹದಿನೆಂಟೂ ಜನ ಒಟ್ಟಿಗೆ ಬಂದು ಇಳಿಯುತ್ತಿದ್ದರು. ನಮ್ಮ ಕಡೆ ವಾರ್ಮ್ ಅಪ್ ಶುರುವಾದಾಗ ಒಂಬತ್ತು ಜನ, ಶಿಳ್ಳೆ ಊದುವಾಗ ಹನ್ನೊಂದು, ಸಬ್‌ಸ್ಟಿಟ್ಯೂಟ್ ಇನ್ನೂ ಟ್ರಿನಿಟಿ ಸರ್ಕಲ್ ಸಿಗ್ನಲ್‌ನಲ್ಲಿ.

ಇದನ್ನು ನೋಡಿ ನೋಡಿ ನಾವು ತಂಡ ಕಟ್ಟುವ ರೀತಿಯನ್ನೇ ಬದಲಿಸಿದೆವು. ಸೀಸನ್‌ಗೆ ಮೊದಲು ಟ್ರಯಲ್ಸ್‌ಗೆ ಬಂದ ಹುಡುಗನನ್ನು ಯಾವ ಜಾಗದಲ್ಲಿ ಆಡುತ್ತೀಯಾ ಎಂದು ಕೇಳುವ ಮೊದಲು ವಾರದ ರಜೆ ಯಾವತ್ತು ಎಂದು ಕೇಳತೊಡಗಿದೆ. ಕೋಚ್‌ಗೆ ಸಿಟ್ಟು. ಚುರುಕಾದ ಎಡಗಾಲಿನ ಹುಡುಗನೊಬ್ಬನನ್ನು ಬಿಟ್ಟು, ಅವನಿಗಿಂತ ನಿಧಾನದ, ಆದರೆ ಸಲೂನ್ ಕೆಲಸದಿಂದಾಗಿ ಮಂಗಳವಾರ ಪೂರ್ತಿ ಬಿಡುವಿದ್ದ ಲೆಫ್ಟ್ ಬ್ಯಾಕ್‌ನನ್ನು ತೆಗೆದುಕೊಂಡಾಗ ಅವರು ಎರಡು ದಿನ ಮಾತಾಡಲಿಲ್ಲ. ಆ ಸಲೂನ್ ಹುಡುಗ ಮುಂದೆ ಒಂದೇ ಒಂದು ಪಂದ್ಯ ತಪ್ಪಿಸಲಿಲ್ಲ. ಪಕ್ಕದ ಸೆಂಟರ್ ಬ್ಯಾಕ್‌ಗೆ ಅವನು ಎಲ್ಲಿ ನಿಲ್ಲುತ್ತಾನೆ ಎಂದು ತಿರುಗಿ ನೋಡದೆ ಗೊತ್ತಾಗುವಷ್ಟು ರೂಢಿಯಾಯಿತು. ಹವ್ಯಾಸಿ ಲೀಗ್‌ನಲ್ಲಿ ಡಿಫೆನ್ಸ್ ಎಂದರೆ ವಾರ ವಾರವೂ ಅದೇ ನಾಲ್ಕು ಮುಖಗಳು. ತಂತ್ರ ಆಮೇಲೆ.

ಇನ್ನು ಲೆಕ್ಕ. ಚಿಕ್ಕ ಲೀಗ್‌ನಲ್ಲಿ ಪ್ರತಿ ತಂಡದ ಜೊತೆ ಒಂದೊಂದೇ ಸಲ ಆಡುವುದು. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಂತೆ 38 ಪಂದ್ಯ ಇದ್ದರೆ ಸೋತ ವಾರ ಮರೆತುಹೋಗುತ್ತದೆ. ಇಲ್ಲಿ ಮೂರು ಸೋಲು ಅಂದರೆ ಸೀಸನ್ ಕೈಬಿಟ್ಟಂತೆ. ಆದರೂ ಹುಡುಗರಿಗೆ ಡ್ರಾ ಮೇಲೆ ವಿಪರೀತ ಪ್ರೀತಿ. ಸೋಲಲಿಲ್ಲವಲ್ಲ ಎಂಬ ಸಮಾಧಾನ. ಒಂದು ಗೆದ್ದು ಎರಡು ಸೋತರೂ ಮೂರು ಪಾಯಿಂಟು, ಮೂರೂ ಡ್ರಾ ಆದರೂ ಮೂರೇ ಪಾಯಿಂಟು ಎಂದು ಸ್ಟೇಡಿಯಂ ಹೊರಗಿನ ಟೀ ಅಂಗಡಿಯಲ್ಲಿ ಬಿಲ್ಲಿನ ಹಿಂದೆ ಬರೆದು ತೋರಿಸುತ್ತಿದ್ದೆ. ಗೆಲುವಿಗೆ ಎರಡೇ ಪಾಯಿಂಟು ಇದ್ದ ಕಾಲದಲ್ಲಿ ಆಡಿದ ನಮ್ಮ ಕೋಚ್‌ಗೂ ಅದು ಪೂರ್ತಿ ಒಗ್ಗಿರಲಿಲ್ಲ. ಕೊನೆಯ ಹತ್ತು ನಿಮಿಷ ಸಮಬಲದಲ್ಲಿದ್ದರೆ ಇನ್ನೊಬ್ಬ ಸ್ಟ್ರೈಕರ್‌ನನ್ನು ಇಳಿಸುವುದು ಎಂದು ತೀರ್ಮಾನವಾದ ಮೇಲೆ ಒಂದು ಪಂದ್ಯ ಕೊನೆಗಳಿಗೆಯಲ್ಲಿ ಸೋತೆವು, ಎರಡು ಕೊನೆಗಳಿಗೆಯಲ್ಲಿ ಗೆದ್ದೆವು. ವ್ಯಾಪಾರ ಲಾಭದ್ದೇ.

ಪಾಯಿಂಟು ಸಮವಾದರೆ ಗೋಲು ಅಂತರ. ಇದು ಬಂದ ಕೂಡಲೇ ಕೆಳದರ್ಜೆಯ ಲೀಗ್‌ಗಳಲ್ಲಿ ಒಂದು ಬಗೆಯ ವಾಸನೆ ಏಳುತ್ತದೆ. ಗೋವಾದ ಎರಡನೇ ದರ್ಜೆಯ ಲೀಗ್‌ನಲ್ಲಿ 2004ರಲ್ಲಿ ಬಡ್ತಿಗಾಗಿ ಗೋಲು ಅಂತರದ ಪೈಪೋಟಿಗೆ ಬಿದ್ದ ಎರಡು ತಂಡಗಳು ಕೊನೆಯ ಪಂದ್ಯಗಳನ್ನು ಗೆದ್ದದ್ದು 55-1 ಮತ್ತು 61-1ರಿಂದ. ನಾಲ್ಕೂ ಕ್ಲಬ್‌ಗಳಿಗೆ ಒಂದು ವರ್ಷ ನಿಷೇಧ ಬಿತ್ತು. ಎದುರಾಳಿಗೆ ಒಂದು ಗೋಲನ್ನಾದರೂ ಬಿಟ್ಟುಕೊಟ್ಟ ಸೌಜನ್ಯ ಎರಡೂ ಕಡೆ ಇತ್ತು ಎಂಬುದು ನನ್ನ ಪಾಲಿಗೆ ಈ ಕತೆಯ ಸೊಗಸು. ಇದೇನೂ ನಮ್ಮ ದೇಶದ ಖಾಯಿಲೆ ಅಲ್ಲ. ಇಂಗ್ಲೆಂಡಿನಲ್ಲಿ ಮೊದಲು ಮೇಲಿನ ದರ್ಜೆಯ ಕೊನೆಯವರಿಗೂ ಕೆಳಗಿನ ದರ್ಜೆಯ ಮೊದಲಿಗರಿಗೂ 'ಟೆಸ್ಟ್ ಪಂದ್ಯ' ಆಡಿಸಿ ಯಾರು ಮೇಲಿರಬೇಕು ಎಂದು ತೀರ್ಮಾನಿಸುತ್ತಿದ್ದರು. 1898ರಲ್ಲಿ ಸ್ಟೋಕ್ ಮತ್ತು ಬರ್ನ್‌ಲಿ ಎರಡಕ್ಕೂ ಡ್ರಾ ಸಾಕಾಗಿತ್ತು. ಪಂದ್ಯ 0-0. ಚೆಂಡನ್ನು ಗೋಲಿನತ್ತ ಒದೆಯಲು ಯಾರಿಗೂ ಮನಸ್ಸಿರಲಿಲ್ಲ. ಅದಾದ ಮೇಲೆ ಆ ಪಂದ್ಯಗಳನ್ನೇ ಕೈಬಿಟ್ಟು, ಪಟ್ಟಿ ನೋಡಿ ನೇರವಾಗಿ ಬಡ್ತಿ, ನೇರವಾಗಿ ಹಿಂಬಡ್ತಿ ಎಂಬ ಪದ್ಧತಿ ತಂದರು. ನಮ್ಮ ಬಿ ಡಿವಿಷನ್ ನಡೆಯುವುದೂ ಆ ಪದ್ಧತಿಯ ಮೇಲೆಯೇ.

1982ರ ವಿಶ್ವಕಪ್‌ನಲ್ಲಿ ಪಶ್ಚಿಮ ಜರ್ಮನಿ ಮತ್ತು ಆಸ್ಟ್ರಿಯಾ ಒಳಗೊಳಗೇ ಹೊಂದಿಕೊಂಡು ಆಡಿ ಅಲ್ಜೀರಿಯಾವನ್ನು ಹೊರಗಟ್ಟಿದ ಮೇಲೆ, ಗುಂಪಿನ ಕೊನೆಯ ಪಂದ್ಯಗಳನ್ನು ಒಂದೇ ಹೊತ್ತಿಗೆ ಆಡಿಸುವುದು ನಿಯಮವಾಯಿತು. ನಮಗೆಲ್ಲಿಯ ಒಂದೇ ಹೊತ್ತು? ಇರುವುದು ಒಂದು ಮೈದಾನ. ನಾವು ಬಡ್ತಿಯ ಅಂಚಿನಲ್ಲಿದ್ದ ವರ್ಷ ಕೊನೆಯ ದಿನ ನಮ್ಮ ಪಂದ್ಯ ಮೊದಲು, ಪ್ರತಿಸ್ಪರ್ಧಿಯದು ಅದರ ಬೆನ್ನಿಗೆ. ನಾವು ಗೆದ್ದೆವು. ಅವರು ನಾಲ್ಕು ಗೋಲಿನ ಅಂತರದಿಂದ ಗೆದ್ದರೆ ಅವರು ಮೇಲೆ, ಇಲ್ಲದಿದ್ದರೆ ನಾವು. ಎಷ್ಟು ಬೇಕು ಎಂದು ತಿಳಿದೇ ಅವರು ಮೈದಾನಕ್ಕಿಳಿದರು. ಅವರ ಎದುರಾಳಿ ಮಧ್ಯದ ತಂಡ, ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಇಂಥ ತಂಡವೇ ಇಂಥ ದಿನದಲ್ಲಿ ಅಪಾಯ. ಅವರಿಗೆ ಮನೆಗೆ ಹೋದರೆ ಸಾಕಾಗಿರುತ್ತದೆ.

ಅರ್ಧ ಹೊತ್ತಿಗೆ 3-0. ನಮ್ಮ ಹುಡುಗರು ಗ್ಯಾಲರಿಯಲ್ಲಿ ಬೂಟು ಬಿಚ್ಚಿಕೊಂಡು ಸುಮ್ಮನೆ ಕೂತಿದ್ದರು. ಎರಡನೇ ಅರ್ಧದಲ್ಲಿ ಆ ಮಧ್ಯದ ತಂಡದ ಗೋಲ್‌ಕೀಪರ್, ನಲವತ್ತರ ಹತ್ತಿರದ ಮನುಷ್ಯ, ಏನು ಮೈಮೇಲೆ ಬಂತೋ, ಎಲ್ಲ ಹಿಡಿದ. ಒಂದನ್ನು ಮುಖಕ್ಕೆ ಹೊಡೆಸಿಕೊಂಡು ತಡೆದ. ಪಂದ್ಯ 3-0ಗೇ ನಿಂತಿತು, ನಾವು ಎ ಡಿವಿಷನ್‌ಗೆ ಏರಿದೆವು. ಆಮೇಲೆ ಟೀ ಕುಡಿಸಿ ಕೈಮುಗಿದಾಗ ಆತ ಹೇಳಿದ್ದು, 'ನಿಮಗೋಸ್ಕರ ಅಂತ ಅಂದ್ಕೋಬೇಡಿ ಸಾರ್. ಮನೆಗೆ ಹೋದ್ರೆ ಮಗ ಕೇಳ್ತಾನೆ, ಎಷ್ಟು ತಿಂದೆ ಅಂತ.' ಯಾವ ನಿಯಮ ಪುಸ್ತಕಕ್ಕಿಂತಲೂ ಇಂಥವರ ಮೇಲೆಯೇ ನಮ್ಮ ಲೀಗ್ ನಿಂತಿದೆ ಎಂದು ನಾನು ನಂಬಿದ್ದೇನೆ.

ಏರಿದ ಮೇಲಿನ ಕತೆ ಯಾರೂ ಹೇಳುವುದಿಲ್ಲ. ಮೊದಲು ಬಂದದ್ದು ಅಭಿನಂದನೆ, ಅದರ ಹಿಂದೆಯೇ ಎನ್‌ಒಸಿ ಕೇಳುವ ಫೋನು. ನಮ್ಮ ಸ್ಟ್ರೈಕರ್‌ಗೆ ಸೂಪರ್ ಡಿವಿಷನ್‌ನ ಕ್ಲಬ್ಬೊಂದು ತಿಂಗಳಿಗಿಷ್ಟು ಎಂದು ದುಡ್ಡು ಕೊಡಲು ಮುಂದೆ ಬಂತು. ಪೆಟ್ರೋಲಿಗೂ ಗಿಟ್ಟದ ಭತ್ಯೆ ಕೊಡುವ ನಾವು ತಡೆಯುವುದಾದರೂ ಹೇಗೆ? ಸಹಿ ಹಾಕಿದೆ. ಗೋಲ್‌ಕೀಪರ್‌ಗೆ ಕೆಲಸದಲ್ಲಿ ಹೊಸೂರಿಗೆ ವರ್ಗ. ಇನ್ನೂ ವಿಚಿತ್ರವೆಂದರೆ, ವರ್ಷಗಳಿಂದ ನಮಗೆ ಬನ್ನು, ಬಾಳೆಹಣ್ಣು ಕಳಿಸುತ್ತಿದ್ದ ಬೇಕರಿ ಮಾಲೀಕರು, ನಾವು ಸೋತಾಗಲೆಲ್ಲ ಜೊತೆಗಿದ್ದವರು, ಏರಿದ ವರ್ಷ ನಿಲ್ಲಿಸಿಬಿಟ್ಟರು. 'ಇನ್ನು ನಿಮಗೆ ದೊಡ್ಡ ಕಂಪನಿಗಳು ಬರ್ತಾವೆ ಬಿಡಿ' ಎಂದು ಸಂತೋಷದಿಂದಲೇ ಹೇಳಿದರು. ಯಾವ ಕಂಪನಿಯೂ ಬರಲಿಲ್ಲ. ಸಣ್ಣ ಕ್ಲಬ್‌ಗೆ ಬಡ್ತಿ ಎಂದರೆ ಬಹುಮಾನಕ್ಕಿಂತ ಮೊದಲು ಬಿಲ್ಲು ಬರುತ್ತದೆ: ಎರಡನೇ ಜೊತೆ ಜೆರ್ಸಿ, ಇನ್ನಷ್ಟು ಅಭ್ಯಾಸದ ಮೈದಾನದ ಬಾಡಿಗೆ, ಫಿಸಿಯೋ.

ಆಟದ ವ್ಯತ್ಯಾಸ ನಾನು ಎಣಿಸಿದ ಕಡೆ ಇರಲಿಲ್ಲ. ಎ ಡಿವಿಷನ್‌ನವರು ಭಾರಿ ಚಾಲಾಕಿಗಳೇನಲ್ಲ. ಆದರೆ ಬಿ ಡಿವಿಷನ್‌ನಲ್ಲಿ ಚೆಂಡು ಕಾಲಿಗೆ ಬಂದ ಮೇಲೆ ತಲೆಯೆತ್ತಿ ನೋಡಲು ಒಂದು ಗಳಿಗೆ ಸಿಗುತ್ತದೆ. ಅಲ್ಲಿ ಆ ಗಳಿಗೆ ಇಲ್ಲ. ಹೆಡ್ ಮಾಡಿ ಬಿದ್ದ ಚೆಂಡಿಗೆ ಅವರ ಮಿಡ್‌ಫೀಲ್ಡರ್ ನಮಗಿಂತ ಅರ್ಧ ಹೆಜ್ಜೆ ಮುಂದೆ ನಿಂತಿರುತ್ತಾನೆ, ಅದೂ ಎಪ್ಪತ್ತನೇ ನಿಮಿಷದಲ್ಲೂ. ಕೃತಕ ಹುಲ್ಲಿನ ಮೇಲೆ ಮಧ್ಯಾಹ್ನದ ಬಿಸಿಲಿನಲ್ಲಿ ಪಾದ ಸುಡುವಾಗ ಆ ಅರ್ಧ ಹೆಜ್ಜೆಯ ಬೆಲೆ ದೊಡ್ಡದು. ನಮ್ಮ ಹುಡುಗರು ಅರವತ್ತು ನಿಮಿಷ ಸರಿಸಮ ಆಡಿ ಆಮೇಲೆ ಗೋಲು ತಿನ್ನುತ್ತಿದ್ದರು. ಒಂದು ಪಂದ್ಯ ಬಾಕಿ ಇರುವಾಗಲೇ ಕೆಳಗಿಳಿಯುವುದು ಖಚಿತವಾಯಿತು. ಆ ಬಾಕಿ ಪಂದ್ಯಕ್ಕೆ ಕೋಚ್ ಹದಿನೇಳು ಹದಿನೆಂಟರ ನಾಲ್ವರನ್ನು ಇಳಿಸಿದರು. ಸೋತೆವು. ಆದರೆ ಅವತ್ತಿನ ನಾಲ್ವರೇ ಈಗ ನಮ್ಮ ತಂಡದ ನಡು.

ಹಿಂಬಡ್ತಿಯ ವರ್ಷ ಕ್ಲಬ್ ಬಿಟ್ಟವರು ಏರಿದ ವರ್ಷ ಬಿಟ್ಟವರಿಗಿಂತ ಕಡಿಮೆ. ಮೊದಲು ಇದಕ್ಕೆ ಅರ್ಥ ಸಿಗಲಿಲ್ಲ. ಈಗ ಅನ್ನಿಸುವುದು ಇಷ್ಟು: ಗೆದ್ದ ತಂಡದಲ್ಲಿ ಪ್ರತಿಯೊಬ್ಬನಿಗೂ ತನಗೊಂದು ಬೆಲೆ ಇದೆ ಎಂದು ಗೊತ್ತಾಗುತ್ತದೆ. ಸೋತ ತಂಡದಲ್ಲಿ ಮತ್ತೆ ಆಡಿ ತೋರಿಸಬೇಕು ಎಂಬ ಹಟ ಉಳಿಯುತ್ತದೆ.

ದೇಶದ ದೊಡ್ಡ ಲೀಗ್ ನೋಡುವಾಗ ನನಗೆ ಕಿರಿಕಿರಿಯಾಗುವುದು ಇದರಿಂದಲೇ. 2014ರಲ್ಲಿ ಶುರುವಾದ ಐಎಸ್‌ಎಲ್‌ನ ಮೊದಲ ಹತ್ತು ವರ್ಷ ಯಾವ ತಂಡಕ್ಕೂ ಕೆಳಗಿಳಿಯುವ ಭಯ ಇರಲಿಲ್ಲ. ಮೇಲೇರುವ ಬಾಗಿಲು ತೆರೆದದ್ದೂ ತಡವಾಗಿ. 2023ರಲ್ಲಿ ಐ-ಲೀಗ್ ಗೆದ್ದ ಪಂಜಾಬ್ ತಂಡ, ಮರುವರ್ಷ ಕೋಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್. ಕೋಟಿಗಟ್ಟಲೆ ಸುರಿದ ಮಾಲೀಕರಿಗೆ ಭದ್ರತೆ ಬೇಕು ಎಂಬ ವಾದ ನನಗೆ ಅರ್ಥವಾಗದ್ದಲ್ಲ. ಬನ್ನು ಬಾಳೆಹಣ್ಣು ನಿಂತಾಗಲೇ ತತ್ತರಿಸಿದವನು ನಾನು. ಆದರೂ ಸೀಸನ್ನಿನ ಕೊನೆಯ ವಾರಗಳಲ್ಲಿ ಪಟ್ಟಿಯ ಬುಡದ ಎರಡು ತಂಡಗಳು ಆಡುವುದನ್ನು ಟೀವಿಯಲ್ಲಿ ನೋಡಿ. ಆಮೇಲೆ ನಮ್ಮ ಬಿ ಡಿವಿಷನ್‌ನ ಬುಡದ ಎರಡು ತಂಡಗಳ ಪಂದ್ಯಕ್ಕೆ ಬನ್ನಿ. ಆಟ ನಮ್ಮದು ಕೆಟ್ಟದೇ. ಆದರೆ ಎದ್ದು ಹೋಗಲು ಮನಸ್ಸಾಗುವುದಿಲ್ಲ. ಐಜ್ವಾಲ್ ತಂಡ ನೆನಪಾಗುತ್ತದೆ. 2016ರಲ್ಲಿ ಐ-ಲೀಗ್‌ನಿಂದ ಕೆಳಗಿಳಿದವರು. ಗೋವಾದ ಕ್ಲಬ್‌ಗಳು ಹಿಂದೆ ಸರಿದದ್ದರಿಂದ ಮತ್ತೆ ಒಳಬಂದವರು. ಮರುವರ್ಷವೇ ಚಾಂಪಿಯನ್ನರಾದರು. 54 ವರ್ಷಗಳ ನಂತರ 2023ರಲ್ಲಿ ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದಾಗ ನಮ್ಮ ಟೀ ಅಂಗಡಿಯಲ್ಲಿ ಸಂಭ್ರಮವೋ ಸಂಭ್ರಮ. ಆ ತಂಡದಲ್ಲಿ ಇದೇ ಬೆಂಗಳೂರು ಲೀಗ್‌ನಲ್ಲಿ ಎದುರಾಗಿ ಆಡಿದ ಹುಡುಗರಿದ್ದರು.

ಈಗ ಮತ್ತೆ ಬಿ ಡಿವಿಷನ್‌ನಲ್ಲಿ ಮೇಲಿನ ಸಾಲಿನಲ್ಲಿದ್ದೇವೆ. ನಮ್ಮ ಖಜಾಂಚಿ ಲೆಕ್ಕದ ಪುಸ್ತಕ ಬಿಚ್ಚಿ, ಮೂರನೇ ಸ್ಥಾನ ಒಳ್ಳೆಯ ಸ್ಥಾನ, ಖರ್ಚಿಲ್ಲದ ಗೌರವ ಎನ್ನುತ್ತಾರೆ. ಹುಡುಗರ ಮುಂದೆ ಈ ಮಾತು ಆಡಕೂಡದು ಎಂದಷ್ಟೇ ನಾನು ಅವರನ್ನು ಕೇಳಿಕೊಂಡಿದ್ದೇನೆ. ಈ ಸಲ ಒಂದು ವ್ಯವಸ್ಥೆ ಮಾತ್ರ ಮೊದಲೇ ಮಾಡಿದ್ದೇವೆ: ಏರಿದರೆ ಬೇಕಾಗುವ ದುಡ್ಡಿಗೆ ಹಳೆಯ ಆಟಗಾರರಿಂದ ತಿಂಗಳ ಚೀಟಿ, ಮತ್ತು ಇಬ್ಬರು ಗೋಲ್‌ಕೀಪರ್‌ಗಳು, ಇಬ್ಬರಿಗೂ ಬೇರೆ ಬೇರೆ ದಿನ ರಜೆ. ಬೇಕರಿಯವರ ಹತ್ತಿರವೂ ಹೋಗಿ, ನೀವು ತಪ್ಪು ತಿಳಿದಿದ್ದಿರಿ, ಯಾರೂ ಬರಲಿಲ್ಲ ಎಂದು ಹೇಳಿಬಂದೆ. ನಕ್ಕರು. ಮುಂದಿನ ಪಂದ್ಯ ಯಾವತ್ತು ಎಂದು ಕೇಳಿ ಕ್ಯಾಲೆಂಡರ್ ಮೇಲೆ ಗುರುತು ಹಾಕಿಕೊಂಡರು.